ಅಲುಗದ ಕಲ್ಲು, ಅಕ್ಕನ ಹೊಸ್ತಿಲು

2024ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಹೊಲಿಗೆ ಅಕ್ಕನ ಮನೆಯ ಹೊಸ್ತಿಲು, ಲೆಕ್ಕದ ಪ್ರಕಾರ, ನೀರಿನಲ್ಲಿ ಮುಳುಗಿತು.

ಹೊಳೆ ಆ ಹೊತ್ತಿಗೆ ಬೀದಿಯ ಕೆಳಗೆ ತನ್ನ ಪಾಡಿಗೆ ಸೊಂಟಮಟ್ಟ ಹರಿಯುತ್ತಿತ್ತು. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು. ಜಿಲ್ಲಾ ಕಚೇರಿಯಿಂದ ಬಂದಿದ್ದ ಅಳತೆಯ ಇಂಜಿನಿಯರು ಮುಕ್ಕಾಲಿಯ ಮೇಲಿನ ಯಂತ್ರದಿಂದ ಕಣ್ಣು ತೆಗೆದು, ಒಂದು ಕಳೆಯುವ ಲೆಕ್ಕ ಮಾಡಿದರು. ಮತ್ತೆ ಅದನ್ನೇ ಕೆಳಗಿನಿಂದ ಮೇಲಕ್ಕೆ ಮಾಡಿದರು. ಉತ್ತರ ಬದಲಾಗಲಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಹದಿನೆಂಟು ಸೆಂಟಿಮೀಟರ್ ಕಡಿಮೆ ಬೀಳ್ತಿದೆ, ಅಮ್ಮ."

ಅಕ್ಕ ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಲಿಲ್ಲ. "ಕಡಿಮೆ ಬಿದ್ರೆ ನಾವು ತುಂಡು ಸೇರಿಸಿ ಹೊಲೀತೀವಿ. ನೀವೇನು ಮಾಡ್ತೀರಿ ಮೇಡಂ?"

"ಮನೆ ಖಾಲಿ ಮಾಡಿಸ್ತೀವಿ."

ಆಗ ಚಕ್ರ ನಿಂತಿತು.

ನಿಯಮ ಸರಳವಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ದೊಡ್ಡ ಪ್ರವಾಹದಲ್ಲಿ ನೀರು ಎಷ್ಟು ಎತ್ತರಕ್ಕೆ ಬಂದಿತ್ತೋ, ಅದಕ್ಕಿಂತ ಕೆಳಗೆ ಹೊಸ್ತಿಲಿರುವ ಮನೆಯವರು ಮಳೆಗಾಲಕ್ಕೆ ಮುಂಚೆ ಎದ್ದು ಗುಡ್ಡದ ಮೇಲಿನ ಹೊಸ ಬಡಾವಣೆಗೆ ಹೋಗಬೇಕು. ಹೊಳೆಬೀದಿಯಲ್ಲಿ ಅಕ್ಕನದೇ ಕೊನೆಯ ಮನೆ. ಅದಕ್ಕಿಂತ ಕೆಳಗಿನ ಮನೆಗಳೆಲ್ಲ ಆ ಪ್ರವಾಹದಲ್ಲೇ, ಯಾರ ಆದೇಶಕ್ಕೂ ಕಾಯದೆ, ಹೋಗಿದ್ದವು. ಮೇಲಿನವುಗಳಿಗೆ ತೊಂದರೆಯಿರಲಿಲ್ಲ. ಹಾಗಾಗಿ ಇಡೀ ಊರಿನಲ್ಲಿ ಏಳಬೇಕಾಗಿದ್ದದ್ದು ಒಬ್ಬರೇ.

"ದಾಖಲೆ ಪ್ರಕಾರ ಅವತ್ತು ಈ ಕೋಣೇಲಿ ಹೆಚ್ಚುಕಡಿಮೆ ಗೇಣುದ್ದ ನೀರಿತ್ತು," ಎಂದರು ಇಂಜಿನಿಯರು.

"ನಾನು ಇಲ್ಲೇ ಕೂತಿದ್ದೆನಲ್ಲ. ಇದೇ ಮಿಷನ್ನಿನ ಮುಂದೆ. ಯಾವನದೋ ಅಂಗಿಗೆ ಗುಂಡಿ ಹಾಕ್ತಿದ್ದೆ. ನೀರು ಹೊಸ್ತಿಲ ಕೆಳಗಿನ ಮೆಟ್ಟಿಲವರೆಗೆ ಬಂತು, ಇಣುಕಿ ನೋಡ್ತು, ವಾಪಸ್ ಹೋಯ್ತು."

"ಗೋಡೆ ಮೇಲೆ ಕೆಸರಿನ ಗುರುತೇನಾದ್ರೂ ಉಳಿದಿದೆಯಾ?"

"ನಮ್ಮನೆಯವರು ಗಾರೆ ಕೆಲಸದವರು. ಮನೆ ಗೋಡೆ ಮೇಲೆ ಕಲೆ ಉಳಿಸೋ ಮನುಷ್ಯ ಅಲ್ಲ. ನೀರಿಳಿದ ವಾರದಲ್ಲೇ ಬಳಿದು ಮುಗಿಸಿದ್ರು."

ಇಂಜಿನಿಯರು ಅಕ್ಕ ಕೊಟ್ಟ ಸ್ಟೂಲಿನ ಮೇಲೆ ಕೂತು ಯೋಚಿಸಿದರು. ಅವರು ಜನರ ಮಾತನ್ನು ಸುಮ್ಮನೆ ತಳ್ಳಿಹಾಕುವವರಲ್ಲ. ಸುಮ್ಮನೆ ನಂಬುವವರೂ ಅಲ್ಲ. ಅಕ್ಕನ ನೆನಪು ತಪ್ಪಿರಬಹುದು. ಆದರೆ ಕಾಲಿನ ಕೆಳಗೆ ಗೇಣುದ್ದ ನೀರಿತ್ತೋ ಇಲ್ಲವೋ ಎಂಬುದನ್ನು ಮನುಷ್ಯರು ಸಾಮಾನ್ಯವಾಗಿ ಮರೆಯುವುದಿಲ್ಲ. ತಮ್ಮ ಲೆಕ್ಕ ತಪ್ಪಿರಬಹುದು. ಅದನ್ನು ಅವರು ಎರಡು ಸಲ ನೋಡಿದ್ದರು. ಉಳಿದದ್ದು ಇನ್ನೊಂದೇ ಸಾಧ್ಯತೆ. ಅದನ್ನು ಈ ಊರಿನಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಯಾಕೆಂದರೆ ಊರಿನ ಎಲ್ಲ ಎತ್ತರಗಳನ್ನೂ ಅಳೆದದ್ದು ಅಲುಗದ ಕಲ್ಲಿನಿಂದ.

ಅಲುಗದ ಕಲ್ಲು ಹೊಳೆಯ ದಡದಲ್ಲಿದೆ. ಎತ್ತಿನ ಗಾಡಿಯಷ್ಟು ದೊಡ್ಡ ಬಂಡೆ, ಅದರ ಮೇಲೆ ಒಂದೂವರೆ ಮೊಳದ ಹೆಜ್ಜೆ ಗುರುತು. ಲೋಕ ಹುಟ್ಟಿದ ಹೊಸದರಲ್ಲಿ, ಬೆಟ್ಟಗಳು ಇನ್ನೂ ಓಡಾಡಿಕೊಂಡಿದ್ದ ಕಾಲದಲ್ಲಿ, ಒಬ್ಬ ಮಹಾವೀರ ಹೊಳೆ ದಾಟುವಾಗ ಇಲ್ಲಿ ಕಾಲಿಟ್ಟನಂತೆ. 'ನೀನು ಹೋದ ಮೇಲೆ ನನಗೆ ದಿಕ್ಕು ಯಾರು' ಎಂದು ಹೊಳೆ ಅತ್ತಿತಂತೆ. 'ನನ್ನ ಹೆಜ್ಜೆ ಬಿಟ್ಟು ಹೋಗುತ್ತೇನೆ, ನೀನು ಬತ್ತುವವರೆಗೆ ಈ ಕಲ್ಲು ಅಲುಗದು' ಎಂದು ಅವನು ಮಾತು ಕೊಟ್ಟನಂತೆ. ಆಮೇಲೆ ಒಬ್ಬ ರಾಜ ಇದನ್ನು ಅರಮನೆಗೆ ಸಾಗಿಸಲು ನಲವತ್ತು ಜೋಡಿ ಎತ್ತು ಕಟ್ಟಿಸಿ ಎಳೆಸಿದ. ಎತ್ತುಗಳು ಸತ್ತವು, ರಾಜನೂ ಸತ್ತ, ಕಲ್ಲು ಅಲ್ಲೇ ಇತ್ತು.

ಊರು ಈ ಕಲ್ಲಿನ ಮೇಲೆ ನಿಂತಿತ್ತು. ಅಲುಗದ ಕಲ್ಲು ಲಾಡ್ಜ್, ಅಲುಗದ ಕಲ್ಲು ಮೆಡಿಕಲ್ಸ್, ಅಲುಗದ ಕಲ್ಲು ಸೈಕಲ್ ರಿಪೇರಿ ಇದ್ದವು. ದಿನಕ್ಕೆ ಎರಡು ಬಸ್ಸು ಓಡಿಸುವ ಅಲುಗದ ಕಲ್ಲು ಟ್ರಾವೆಲ್ಸ್ ಕೂಡ ಇತ್ತು. ಅದರ ಹೆಸರಿನ ಬಗ್ಗೆ ಯಾರಿಗೂ ಏನೂ ಅನ್ನಿಸಿರಲಿಲ್ಲ.

ಬಹಳ ಹಿಂದೆ ಮೊದಲ ಸಲ ಅಳತೆಗೆ ಬಂದ ಅಧಿಕಾರಿಗಳು, ಎತ್ತರ ಗುರುತಿಸಲು ಯಾವತ್ತೂ ಕದಲದ ಒಂದು ಜಾಗ ಬೇಕು ಎಂದು ಕೇಳಿದರು. ಊರಿನವರು ನಕ್ಕರು. ಈ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ಒಳ್ಳೆಯ ಊರು ಸಿಗಲಾರದು ಎಂದು ಕಲ್ಲನ್ನು ತೋರಿಸಿದರು. ಅಧಿಕಾರಿಗಳು ಹೆಜ್ಜೆಯ ಹಿಮ್ಮಡಿಯ ಬಳಿ ಒಂದು ಬಾಣದ ಗುರುತು ಕೆತ್ತಿಸಿದರು. ಪ್ರವಾಹ ಬಂದಾಗಲೂ, ನೀರಿಳಿದ ಮೂರನೆಯ ದಿನ ಗೋಡೆಗಳ ಕೆಸರಿನ ಗೆರೆ ನೋಡಿ, ಅದೇ ಬಾಣದಿಂದ ಅಳೆದು ಬರೆದುಕೊಂಡರು: 6.40 ಮೀಟರ್. ಈಗ ಅದೇ ಬಾಣದಿಂದ ಅಕ್ಕನ ಹೊಸ್ತಿಲಿಗೆ 6.22.

ಇಂಜಿನಿಯರ ಬಳಿ ಉಪಗ್ರಹದ ಯಂತ್ರವೂ ಇತ್ತು. ಅದು ಇವತ್ತು ಯಾವುದು ಎಲ್ಲಿದೆ ಎಂದು ಕೂದಲೆಳೆಯಷ್ಟು ಸರಿಯಾಗಿ ಹೇಳುತ್ತಿತ್ತು. ಅವತ್ತು ನೀರು ಎಲ್ಲಿತ್ತು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಲ್ಲಿಗೆ ಮಾತ್ರ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಇಂಜಿನಿಯರು. "ಆ ಕಲ್ಲಿಗೆ ಯಾವತ್ತಾದ್ರೂ ಏನಾದ್ರೂ ಆಗಿತ್ತಾ?"

"ಎತ್ತಿದ್ದಾರೆ," ಎಂದಳು ಅಕ್ಕ.

"ಯಾರು?"

"ನಮ್ಮನೆಯವರು."

"ಅವರನ್ನ ಮಾತಾಡಿಸಬಹುದಾ?"

"ನನಗೇ ಆಗಿಲ್ಲ, ಅವರು ಹೋಗಿ ಎಂಟು ವರ್ಷ ಆಯ್ತು," ಎಂದು ಅಕ್ಕ ದಾರ ಕಡಿದಳು.

ನಡೆದದ್ದು ಇಷ್ಟು. ಪ್ರವಾಹ ಹೋಗುವಾಗ ಹೊಳೆಯ ಪಾತ್ರದಲ್ಲಿ ಮರಳು ತುಂಬಿ ಹೋಯಿತು. ಅಲ್ಲಿಂದ ಮುಂದೆ ಬೇಸಿಗೆಯಲ್ಲೂ ಕಲ್ಲಿನ ಮೇಲೆ ನೀರು ನಿಲ್ಲತೊಡಗಿತು. ದೂರದಿಂದ ಬಂದವರು ನೀರು ನೋಡಿಕೊಂಡು ಹೋದರು. ನೀರು ಅವರ ಊರಲ್ಲೂ ಇತ್ತು. ಒಂದು ವರ್ಷ ಕಾದ ಊರು ಕೊನೆಗೆ ಅಕ್ಕನ ಗಂಡನನ್ನು ಕರೆಯಿತು. ಗಾರೆಯವರು ಕಲ್ಲನ್ನು ಸುತ್ತಿ ನೋಡಿ, ಎರಡು ಚೈನ್ ಪುಲ್ಲಿ, ಆರು ಹಾರೆ, ದೋಣಿಯ ಹಗ್ಗ ತರಿಸಿದರು. ಮಟಮಟ ಮಧ್ಯಾಹ್ನ ಊರಿನ ಅರ್ಧ ಜನ ಹಗ್ಗ ಹಿಡಿದರು, ಉಳಿದರ್ಧ ಜನ ದಡದಲ್ಲಿ ನಿಂತು ಬುದ್ಧಿ ಹೇಳಿದರು. ಕಲ್ಲು ಮೇಲೆದ್ದಿತು. ಗಾರೆಯವರು ಅದರ ಅಡಿಗೆ ಇಟ್ಟಿಗೆ ಸಿಮೆಂಟು ಕೊಟ್ಟು ಕೂರಿಸಿದರು. ಸಂಜೆಯ ಹೊತ್ತಿಗೆ ಎಲ್ಲರೂ ಕೈ ತೊಳೆದುಕೊಂಡು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದರು. ಹೇಳಲು ಊರಿನಲ್ಲಿ ಗೊತ್ತಿಲ್ಲದವರು ಯಾರೂ ಉಳಿದಿರಲಿಲ್ಲ. ಆದರೂ ಆಣೆ ಆಣೆಯೇ.

ಕಲ್ಲು ಮೇಲೆ ಹೋದರೆ ಅದರಿಂದ ಅಳೆದ ಮನೆಗಳೆಲ್ಲ ಅಷ್ಟರಮಟ್ಟಿಗೆ ಕೆಳಗೆ ಹೋಗುತ್ತವೆ ಎಂಬುದು ಅವತ್ತು ಯಾರಿಗೂ ಹೊಳೆಯಲಿಲ್ಲ.

ಇಂಜಿನಿಯರು ಎಲ್ಲವನ್ನೂ ಕೇಳಿಸಿಕೊಂಡರು. "ನಿಮ್ಮ ಮಾತು ನನಗೆ ಸರಿ ಅನ್ನಿಸ್ತಿದೆ. ಆದ್ರೆ ಮನೆ ನಿಮ್ಮದು. ನಿಮ್ಮದೊಂದೇ ಮಾತಿನ ಮೇಲೆ ನಾನು ಏನೂ ಬರೆಯೋ ಹಾಗಿಲ್ಲ. ಕಲ್ಲಿನ ಬುಡ ಅಗೆದು ಎಷ್ಟು ಎತ್ತಿದ್ದಾರೆ ಅಂತ ಅಳೀಬೇಕು. ಅಗೆಯೋಕೆ ಕಾರಣ ಬೇಕು. ಹಗ್ಗ ಹಿಡಿದ ಇನ್ನೊಬ್ಬರು ಯಾರಾದ್ರೂ ಬಂದು ಹೌದು ಅನ್ನಲಿ, ಸಾಕು."

"ಅರ್ಧ ಊರೇ ಇದೆ, ಒಬ್ಬರಲ್ಲ."

"ಶುಕ್ರವಾರ ಮಧ್ಯಾಹ್ನ ನಾನು ವರದಿ ಕೊಡಬೇಕು. ಕಾರಣ ಇಲ್ದೆ ಅಗೆದ್ರೆ ಇವರು ನನ್ನನ್ನೇ ಅಲ್ಲಿ ಹೂತುಬಿಡ್ತಾರೆ."

"ಹೂತ್ರೂ ಆಮೇಲೆ ಯಾರೂ ನೋಡಿರಲ್ಲ ಬಿಡಿ," ಎಂದಳು ಅಕ್ಕ.

ಅಕ್ಕ ಮೊದಲು ಹೋದದ್ದು ದೋಣಿಯವನ ಹತ್ತಿರ. ಅವತ್ತಿನ ಹಗ್ಗ ಅವನದೇ. ಅವನು ದೋಣಿಯನ್ನು ಬೋರಲು ಹಾಕಿ ಸಂದುಗಳಿಗೆ ಟಾರು ಮೆತ್ತುತ್ತಿದ್ದ.

"ನಾನಾ? ಹಗ್ಗನಾ? ನನಗಾಗ ಬೆನ್ನುನೋವು ಅಕ್ಕ."

"ಬೆನ್ನುನೋವು ಬಂದಿದ್ದೇ ಅವತ್ತು ಎಳೆದಿದ್ದಕ್ಕೆ. ನಾನೇ ಎಣ್ಣೆ ಕಾಯಿಸಿ ಕೊಟ್ಟಿದ್ದೆ."

ದೋಣಿಯವನು ಟಾರಿನ ಡಬ್ಬದೊಳಗೆ ನೋಡಿದ. "ಎಣ್ಣೆ ನೆನಪಿದೆ. ಒಳ್ಳೆ ಎಣ್ಣೆ. ಕಲ್ಲು ನೆನಪಿಲ್ಲ."

ಮೆಡಿಕಲ್ಸ್ ಇಟ್ಟುಕೊಂಡಿದ್ದವರು ಕಲ್ಲಿನ ಸಮಿತಿಯ ಅಧ್ಯಕ್ಷರೂ ಹೌದು. ಅವರು ಅಕ್ಕನಿಗೆ ಕುರ್ಚಿ ಹಾಕಿಸಿದರು, ಫ್ಯಾನು ಹಾಕಿಸಿದರು, ಗುಡ್ಡದ ಮೇಲಿನ ಗಾಳಿ ಸಂಧಿವಾತಕ್ಕೆ ಎಷ್ಟು ಒಳ್ಳೆಯದೆಂದು ವಿವರಿಸಿದರು.

"ನನಗೆ ಸಂಧಿವಾತ ಇಲ್ಲ," ಎಂದಳು ಅಕ್ಕ.

"ಹೊಳೆ ಪಕ್ಕ ಇದ್ರೆ ಬರುತ್ತಮ್ಮ."

ಕೊನೆಗೆ ತಮ್ಮನ ಬಳಿ ಹೋದಳು. ತಮ್ಮನ ಬಳಿ ಕೊನೆಗೆ ಹೋದದ್ದಕ್ಕೆ ಕಾರಣವಿತ್ತು: ಅವನು ಕಲ್ಲಿನ ಗೈಡು. ಊರಲ್ಲಿ ಎಲ್ಲರೂ ಅವನನ್ನು ಮೈಕು ಎನ್ನುತ್ತಿದ್ದರು. ಸಮಿತಿ ಕೊಟ್ಟ ಒಂದು ನೀಲಿ ಕೋಟು, ಒಂದು ಧ್ವನಿವರ್ಧಕ, ಮಹಾವೀರನ ಕತೆ, ಇಷ್ಟು ಅವನ ಬದುಕು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದ್ದು ಅಕ್ಕನೇ. ಆ ಕತೆಯನ್ನು ಅವನು ಬಾಯಿಪಾಠ ಮಾಡಿದ್ದು ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಹೇಳಿಕೊಟ್ಟದ್ದೂ ಅವಳೇ.

ಮೈಕು ಟಿಕೆಟ್ ಕೊಡುವ ಗೂಡಿನಲ್ಲಿ ಧ್ವನಿವರ್ಧಕದ ಸೆಲ್ ಬದಲಿಸುತ್ತಿದ್ದ. ಅಕ್ಕ ಹೇಳಿದ್ದನ್ನು ಕೇಳಿ ಹಳೆಯ ಸೆಲ್ಲನ್ನೇ ಮತ್ತೆ ಹಾಕಿದ.

"ಅಕ್ಕ, ನನ್ನನ್ನ ಏನು ಕೇಳ್ತಿದ್ದೀಯ ಗೊತ್ತಾ?"

"ಗೊತ್ತು. ಹೌದು ಅನ್ನು ಅಂತ ಕೇಳ್ತಿದ್ದೀನಿ. ಎರಡಕ್ಷರ."

"ಭಾವ ನನ್ನ ಕೈ ಹಿಡ್ಕೊಂಡು ಆಣೆ ಹಾಕಿಸ್ಕೊಂಡಿದ್ರು."

"ಸತ್ತವರ ಆಣೆ ಕಾಯ್ತೀಯ, ಬದುಕಿರೋಳನ್ನ ಮನೆಯಿಂದ ಎಬ್ಬಿಸ್ತೀಯ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನ ನೋಡೇ ಗಾದೆ ಮಾಡಿರಬೇಕು."

"ಎಬ್ಬಿಸ್ತಿರೋದು ನಾನಾ? ಸರಕಾರ. ಬೇಕಾದ್ರೆ ನಮ್ಮನೇಲಿ ಬಂದಿರು. ಹಿಂದಿನ ಕೋಣೆ ಖಾಲಿ ಇದೆ."

"ನಿನ್ನ ಹೆಂಡತಿ ಜೊತೆ? ಅದಕ್ಕಿಂತ ಹೊಳೆನೇ ವಾಸಿ. ಅದು ವರ್ಷಕ್ಕೊಂದ್ಸಲ ಮಾತ್ರ ಏರುತ್ತೆ."

ಮೈಕಿಗೆ ನಗು ಬಂತು, ತಡೆದುಕೊಂಡ. "ನಾನು ಹೌದು ಅಂದ್ರೆ ನಾಳೆಯಿಂದ ಯಾರು ಬರ್ತಾರೆ ಇಲ್ಲಿಗೆ? ಬರೀ ಕಲ್ಲು ನೋಡೋಕೆ? ಮೂವತ್ತು ವರ್ಷದಿಂದ ಹೇಳಿದ್ದೆಲ್ಲ ಸುಳ್ಳು ಅಂತ ನಾನೇ ಹೇಳಬೇಕಾ?"

"ಎಲ್ಲ ಯಾಕೆ ಸುಳ್ಳಾಗುತ್ತೆ? ವೀರ ಕಾಲಿಟ್ಟಿದ್ದು ಇಟ್ಟಿದ್ದೇ. ನಾನೇನಾದ್ರೂ ಅದನ್ನ ಬೇಡ ಅಂದ್ನಾ?" ಅಕ್ಕ ಗೂಡಿನ ಕಟಕಟೆಯ ಮೇಲೆ ಕೈಯಿಟ್ಟಳು. ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕೆಗಳಿದ್ದವು. "ನಿನ್ನ ಕಲ್ಲು ಅಲುಗಲ್ಲ ಅಂದ್ರೆ ನಾನು ಅಲುಗಬೇಕು. ಇಬ್ಬರಲ್ಲಿ ಒಬ್ಬರು. ಯಾರು ಅಂತ ಯೋಚನೆ ಮಾಡು."

ಅವಳು ಹೋದ ಮೇಲೆ ಮೈಕು ಎರಡು ಟಿಕೆಟ್ಟು ತಪ್ಪಾಗಿ ಹರಿದ.

ಬುಧವಾರ ಇಂಜಿನಿಯರು ಊರಿನ ಉಳಿದ ಹೊಸ್ತಿಲುಗಳನ್ನು ಅಳೆದರು. ಯಾರೂ ಅವರ ಬಳಿ ಬರಲಿಲ್ಲ. ಗುರುವಾರವೂ ಬರಲಿಲ್ಲ. ಅವರು ಒಂದೆರಡು ಸಲ ಕಲ್ಲಿನ ಬಳಿ ನಿಂತು ಅದರ ಬುಡವನ್ನು ದಿಟ್ಟಿಸಿದರು. ಹೂಳು ಸುತ್ತಲೂ ತುಂಬಿಕೊಂಡಿತ್ತು, ಏನೂ ಕಾಣುತ್ತಿರಲಿಲ್ಲ. ವಿಜ್ಞಾನ ಓದುವಾಗ ಅವರಿಗೆ ಒಬ್ಬ ಮೇಷ್ಟರು ಹೇಳಿದ್ದರು, ಯಾವ ಪ್ರಯೋಗದಲ್ಲೂ ಒಂದನ್ನು ನಿಂತಿದೆ ಎಂದು ನಂಬಲೇಬೇಕು, ಇಲ್ಲದಿದ್ದರೆ ಅಳೆಯಲು ಶುರುಮಾಡುವುದೇ ಆಗುವುದಿಲ್ಲ ಎಂದು. ಅಂಥದ್ದನ್ನು ಪರೀಕ್ಷಿಸುವುದು ಕಷ್ಟ. ಪರೀಕ್ಷೆ ಮಾಡುವವರು ಅದರ ಮೇಲೇ ನಿಂತಿರುತ್ತಾರೆ.

ಅಕ್ಕ ಆ ಎರಡು ದಿನ ಬಂದಿದ್ದ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿ ಹಿಂದಿರುಗಿಸಿದಳು. ಹೊಸದನ್ನು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಎರಡು ಬಸ್ಸು ತುಂಬ ಜನ ಬಂದರು. ಮೈಕು ನೀಲಿ ಕೋಟು ಹಾಕಿಕೊಂಡು ಕಲ್ಲಿನ ಪಕ್ಕದ ಕಟ್ಟೆ ಹತ್ತಿದ. ಇಂಜಿನಿಯರು ಮರದ ಕೆಳಗೆ ಯಂತ್ರವನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಅಕ್ಕ ಬಂದು ಗುಂಪಿನ ಹಿಂದೆ ನಿಂತಳು. ಆ ಕತೆ ಹೇಳುವಾಗ ಅವನ ಎದುರು ಹಾಗೆ ನಿಂತು ಎಷ್ಟೋ ವರ್ಷವಾಗಿತ್ತು.

ಮೈಕು ಚೆನ್ನಾಗಿಯೇ ಹೇಳಿದ. ಬೆಟ್ಟಗಳು ಓಡಾಡಿದವು, ಹೊಳೆ ಅತ್ತಿತು, ವೀರ ಮಾತು ಕೊಟ್ಟ. ನಲವತ್ತು ಜೋಡಿ ಎತ್ತುಗಳು ಒಂದೊಂದೇ ಮಂಡಿಯೂರಿದವು. ಇಲ್ಲಿಗೆ ಬಂದಾಗ ಅವನು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಿದ್ದ.

"ಹೇಳಿ, ಈ ಕಲ್ಲನ್ನ ಅಲುಗಿಸಿದವರು ಈ ಲೋಕದಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲ!" ಎಂದರು ಎರಡು ಬಸ್ಸಿನ ಜನ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಜಾಗದಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು.

ಇದಾದ ಮೇಲೆ ಮೈಕು ಕೈಮುಗಿದು ಕೆಳಗಿಳಿಯಬೇಕು. ಅವನು ಇಳಿಯಲಿಲ್ಲ. ಧ್ವನಿವರ್ಧಕದಿಂದ ಅವನ ಉಸಿರು ಮಾತ್ರ ಕೇಳಿಸಿತು.

"ಇದ್ದಾರೆ," ಎಂದ.

ಜನ ಕಾದರು.

"ಯಾವ ಯುಗದಲ್ಲಿ?" ಎಂದು ಮುಂದೆ ನಿಂತಿದ್ದ ಒಬ್ಬರು ಭಕ್ತಿಯಿಂದ ಕೇಳಿದರು.

"2003ರಲ್ಲಿ. ನಮ್ಮ ಭಾವ. ಗಾರೆ ಕೆಲಸ ಮಾಡ್ತಿದ್ರು. ಹಗ್ಗದ ಈ ಕಡೆ ತುದೀಲಿ ನಾನಿದ್ದೆ."

ಧ್ವನಿವರ್ಧಕಕ್ಕೆ ಅವತ್ತು ಹೊಸ ಸೆಲ್ ಹಾಕಿದ್ದ. ಮಾತು ಬಸ್ ನಿಲ್ದಾಣದವರೆಗೆ ಕೇಳಿಸಿತು. ನಡುಹೊಳೆಯಲ್ಲಿ ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. ದೋಣಿ ತಾನಾಗಿ ತಿರುಗಿಕೊಂಡಿತು. ಇಂಜಿನಿಯರು ಪೆಟ್ಟಿಗೆಯ ಮುಚ್ಚಳ ತೆಗೆದರು.

ಅಧ್ಯಕ್ಷರು ಅಂಗಡಿಯ ಬಾಗಿಲು ಹಾಕದೆ ಓಡಿಬಂದರು. "ಇದು ಅಪಚಾರ! ಇವನಿಗೆ ಬಿಸಿಲು ತಲೆಗೇರಿದೆ. ಮೇಡಂ, ಈ ಕಲ್ಲನ್ನ ಯಾರೂ ಮುಟ್ಟಿಲ್ಲ."

"ಅವತ್ತು ನೀವಿರಲಿಲ್ವಾ ಸರ್?" ಎಂದು ಇಂಜಿನಿಯರು ಕೇಳಿದರು.

"ನಾನು ಮುಟ್ಟಲೇ ಇಲ್ಲ. ದಡದಲ್ಲಿ ನಿಂತು ಐಸಾ ಅಂತ ಕೂಗ್ತಿದ್ದೆ, ಅಷ್ಟೇ."

ಆ ಮಾತನ್ನೂ ಇಂಜಿನಿಯರು ಬರೆದುಕೊಂಡರು.

"ಹಾಗಾದ್ರೆ ಅಗೀಬಹುದು," ಎಂದರು ಇಂಜಿನಿಯರು.

ಸನಿಕೆ ತಂದವನು ದೋಣಿಯವನು. ಅವನು ಯಾರ ಮುಖವನ್ನೂ ನೋಡದೆ ಹೂಳು ಎತ್ತಿಹಾಕಿದ. ಮೊಣಕೈ ಆಳ ಹೋದ ಮೇಲೆ ಇಟ್ಟಿಗೆ ಸಿಕ್ಕಿತು. ಮೂರು ವರಸೆ. ನೀರಿನಡಿ ಯಾರ ಕಣ್ಣಿಗೂ ಬೀಳದ ಕೆಲಸವಾದರೂ ಸಂದುಗಳನ್ನು ಕರಣೆಯ ತುದಿಯಿಂದ ಎಳೆದು ನೇರ ಮಾಡಿದ್ದರು. ಅದರ ಕೆಳಗೆ ಹಾಸುಬಂಡೆ, ಅದರ ಮೇಲೆ ಕಲ್ಲು ಮೊದಲು ಕೂತಿದ್ದ ಜಾಗದ ನುಣ್ಣನೆಯ ಗುರುತು.

ಬಂದವರು ಸರದಿಯಲ್ಲಿ ನಿಂತು ಇಟ್ಟಿಗೆಯ ಫೋಟೋ ತೆಗೆದುಕೊಂಡರು. ಒಬ್ಬ ಅಜ್ಜಿ, ಮಹಾವೀರನ ಭಾವ ಯಾರು ಎಂದು ಮಗನನ್ನು ಕೇಳುತ್ತಿದ್ದಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಗುಂಡಿಯ ಅಂಚಿನಲ್ಲಿ ಕೂತಳು. ಒಂದು ಸಂದಿನ ಉದ್ದಕ್ಕೆ ಬೆರಳು ಎಳೆದಳು, ಹೊಲಿಗೆ ನೋಡುವ ಹಾಗೆ.

"ಅಳತೆ ಸರಿಯಾಗಿ ಬರುತ್ತಾ?" ಎಂದು ಕೇಳಿದಳು.

"ಇಷ್ಟು ನೇರ ಕಟ್ಟಿದ್ರೆ ಬರುತ್ತೆ," ಎಂದು ಇಂಜಿನಿಯರು ಗುಂಡಿಗಿಳಿದರು.

ಮಧ್ಯಾಹ್ನ ಸಮಿತಿ ಸೇರಿ ಮೈಕನ್ನು ಕೆಲಸದಿಂದ ತೆಗೆಯಿತು. ನೀಲಿ ಕೋಟನ್ನು ಹಿಂದಕ್ಕೆ ಪಡೆಯಿತು. ಹೊಸ ಗೈಡು ಸಿಗುವವರೆಗೆ ಕತೆಯನ್ನು ಅಧ್ಯಕ್ಷರೇ ಹೇಳುವುದೆಂದು ಆಯಿತು. ಅವರಿಗೆ ಎತ್ತುಗಳ ಸಂಖ್ಯೆ ನೆನಪಿರಲಿಲ್ಲ. ಮೈಕು ಬರಿ ಅಂಗಿಯಲ್ಲಿ ಹೊಳೆಬೀದಿಯ ಕೊನೆಯವರೆಗೆ ನಡೆದುಬಂದು ಅಕ್ಕನ ಮುಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತ.

"ಊಟ ಮಾಡಿದ್ಯಾ?" ಎಂದಳು ಅಕ್ಕ.

"ಇಲ್ಲ."

"ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ನಿಲ್ಲಿಸಬೇಕಾದ ಕಡೆ ಸರಿಯಾಗಿ ನಿಲ್ಲಿಸಿದೆ," ಎಂದಳು. ತಟ್ಟೆ ತರಲು ಒಳಗೆ ಹೋದಳು.

ಅವನು ಉಣ್ಣುತ್ತಿರುವಾಗಲೇ ಇಂಜಿನಿಯರು ಹೊಸ್ತಿಲ ಮೇಲೆ ಕೂತು ಲೆಕ್ಕ ಮುಗಿಸಿದರು. ಕಲ್ಲನ್ನು ಎತ್ತಿದ್ದು, ಮೂರು ಮೂಲೆಗಳ ಸರಾಸರಿಯಲ್ಲಿ, 27 ಸೆಂಟಿಮೀಟರ್. ಕಲ್ಲು ಮೊದಲಿದ್ದ ಜಾಗದಿಂದ ಅಳೆದರೆ ಹೊಸ್ತಿಲಿನ ಎತ್ತರ 6.49 ಮೀಟರ್. ಅಕ್ಕ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ಕೈ ಒರೆಸಿಕೊಂಡು, ಏನಾಯಿತು ಎಂಬಂತೆ ಬಂದು ನಿಂತಳು. ಇಂಜಿನಿಯರು ಹಳೆಯ ಅಂಕಿಯನ್ನು ಹೊಡೆದುಹಾಕಿ ಹೊಸದನ್ನು ಬರೆದು, ಗಟ್ಟಿಯಾಗಿ ಓದಿ ಹೇಳಿದರು: ಪ್ರವಾಹದ ಗೆರೆಗಿಂತ ಒಂಬತ್ತು ಸೆಂಟಿಮೀಟರ್ ಮೇಲೆ.